ಪೈಪಿಗೆ ಸುತ್ತಿದ ಬಟ್ಟೆ

ಚೌಡೇಶ,

ಹನೂರು ಬಸ್ಸಿಗೆ ಹೊತ್ತಾಯ್ತು. ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಎಬ್ಬಿಸಿದ್ರೆ ನಾನು ಜಗಳವೇ ಆಡ್ತಿದ್ದೆ.

ಸೀಳಿರೋ ಪೈಪಿಗೆ ಕ್ಲಾಂಪು ತಂದು ಕಿಟಕೀಲಿ ಇಟ್ಟಿದ್ದೀನಿ. ಮೊದಲು ಟ್ಯಾಂಕಿನ ವಾಲ್ವ್ ಬಂದ್ ಮಾಡು. ಮಗ್ಗಕ್ಕೆ ಪ್ಲಾಸ್ಟಿಕ್ ಹೊದಿಸು, ನೀರು ಬಿದ್ರೆ ಅರ್ಧ ನೇಯ್ದ ಸೀರೆ ಕೆಟ್ಟೋಯ್ತದೆ. ಸೀಳಿನ ಮೇಲೆ ರಬ್ಬರ್ ಸುತ್ತಿ, ಅದರ ಮೇಲೆ ಕ್ಲಾಂಪು ಕೂರಿಸು. ಎರಡು ಸ್ಕ್ರೂನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. ನಿನ್ನ ಕೋಪವನ್ನೆಲ್ಲ ಅದರ ಮೇಲೆ ತೋರಿಸಿದ್ರೆ ಪೈಪು ಇನ್ನೂ ಸೀಳ್ತದೆ ಕಣ್ಲಾ.

ನಿನ್ನೆ ಬಂದವನೇ "ಯಾವ್ದೋ ಚಿಂದಿ ಸುತ್ತಿ ಕೂತಿದ್ದೀಯಲ್ಲ" ಅಂತ ಅಪ್ಪನ ಮೇಲೆ ಕೂಗಾಡಿದೆ. ಅವರು ಉಣ್ಣದೇ ಮಲಗಿದ್ರು. ನೀನು ಪೇಟೇಲಿದ್ದಾಗ ನೀರು ನಿನ್ನ ಮಗ್ಗದ ಕಡೇನೇ ಸುರೀತಿತ್ತು. ಕೈಗೆ ಬೇರೇನೂ ಸಿಗಲಿಲ್ಲ ಅವರಿಗೆ. ನಾನು ಹೇಳೋಕೆ ಹೋದ್ರೆ ಬೇಡ ಅಂತ ಕಣ್ಣಲ್ಲೇ ತಡೆದ್ರು. ಅವರ ಹೆಗಲು ಬರಿದಾಗಿದ್ದು ನಿನಗೆ ಕಾಣಲಿಲ್ವಾ?

ಆ ಚಿಂದೀನ ಬ್ಲೇಡಲ್ಲಿ ಕುಯ್ಯಬೇಡ, ಮೆಲ್ಲಗೆ ಬಿಚ್ಚು. ಹಿಂಡಿ, ಬಿಡಿಸಿ, ಅಂಚು ನೋಡು. ಕಣ್ಣು ಮಂಜಾಗೋಕೆ ಮುಂಚೆ ಅಪ್ಪ ನೇಯ್ದ ಕೊನೇ ಶಲ್ಯ ಅದು.

ನೋಡಿದ ಮೇಲೂ ಬೈಬೇಕು ಅನ್ನಿಸಿದ್ರೆ ಬೈಯಿ.

ಅಕ್ಕ