ಕಿರುಬೆರಳಿನ ಶಾಸ್ತ್ರ

ಗದಗ
ಫೆಬ್ರುವರಿ ೩೦, ೨೧೮೭

ಮುತ್ತಜ್ಜ ಈರಸಂಗಪ್ಪನವರಿಗೆ, ನಿಮ್ಮ ಮರಿಮಗಳ ಮರಿಮಗಳು ಗಂಗೋತ್ರಿ ಮಾಡುವ ನಮಸ್ಕಾರ.

ತಾರೀಖು ತಪ್ಪಿಲ್ಲ. ಖಾಲಿ ಚೌಕಗಳು ಉಳಿದು ಕ್ಯಾಲೆಂಡರಿನ ಪುಟ ಸೊಟ್ಟಗೆ ಕಾಣುತ್ತದೆಂದು ನಮ್ಮ ಕಸುಬಿನವರು ಫೆಬ್ರುವರಿಗೆ ದಿನ ಸೇರಿಸಿಬಿಟ್ಟರು. ಕೇಳುವವರು ಯಾರೂ ಇರಲಿಲ್ಲ. ನೀವಿನ್ನೂ ಮೀಸೆ ತಿರುವುವ ವಯಸ್ಸಿನವರು, ಅಜ್ಜಾ ಎಂದು ಕರೆಸಿಕೊಳ್ಳಲು ಮುಜುಗರವಾದೀತು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಉಳಿದದ್ದನ್ನು ಕ್ಷಮಿಸಬೇಕಾದವಳು ನಾನು. ಅದಕ್ಕೆ ಇನ್ನೂ ಮನಸ್ಸು ಬಂದಿಲ್ಲ.

ನಿಮ್ಮ ಕಂಪ್ಯೂಟರಿನ ಅನ್‌ಡೂ ಕೆಲವು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತದೆ. ನಮ್ಮದು ನಿಮ್ಮ ಕಾಲದವರೆಗೂ ಹೋಗುತ್ತದೆ, ಅದಕ್ಕೆ ಹಿಂದಡಿ ಎನ್ನುತ್ತೇವೆ. ಆದರೆ ಮಾತು ಮಾತ್ರ ಹೋಗುತ್ತದೆ, ಕೈ ಹೋಗುವುದಿಲ್ಲ. ಕೈ ಹೋಗುವಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ.

ನಮ್ಮಲ್ಲಿ ಕಾಗದವಿಲ್ಲ, ಗೋಡೆಗಳೇ ಪುಟ. ಜನ ಏಳುವ ಹೊತ್ತಿಗೆ ಅಡುಗೆಮನೆಯ ಗೋಡೆಯ ಮೇಲೆ ನೀರು ಬರುವ ಸಮಯ, ಮೆಣಸಿನಕಾಯಿ ಧಾರಣೆ, ಓಣಿಯಲ್ಲಿ ತೀರಿಕೊಂಡವರ ಹೆಸರು, ಎಲ್ಲವೂ ಚೌಕಟ್ಟಿನೊಳಗೆ ಅಂದವಾಗಿ ಕೂತಿರಬೇಕು. ಕೂರಿಸುವವರು ನಾವು, ಪುಟಗಾರರು. ಕೀಬೋರ್ಡು, ಮೌಸು ಎಂದೋ ಹೋದವು. ಕರಿಕಲ್ಲಿನ ಹಾಸಿನ ಮೇಲೆ ಬರಿಗೈ ಇಟ್ಟರೆ ಸಾಕು, ಬೆರಳುಗಳ ನಡುವಿನ ಅಂತರ ನೋಡಿ ಕಲ್ಲು ಕೆಲಸ ತಿಳಿದುಕೊಳ್ಳುತ್ತದೆ. ಬೆರಳುಗಳ ಆ ಜೋಡಣೆಗೆ ಬೆರಳುಗಟ್ಟು ಎಂದು ಹೆಸರು. ಅದು ನಿಮ್ಮ ಶಾರ್ಟ್‌ಕಟ್ಟೇ. ನಿಮ್ಮ ಡಿಟಿಪಿ ಅಂಗಡಿಯಲ್ಲಿ ಕಲಿತವರು ನೀವು ಹೊಂದಿಸಿದ ಶಾರ್ಟ್‌ಕಟ್‌ಗಳನ್ನೇ ಊರೂರಿಗೆ ಒಯ್ದರು, ಅವರ ಶಿಷ್ಯರು ಕಲ್ಲಿಗೂ ಅವನ್ನೇ ಕಲಿಸಿದರು. ಈಗ ಕಲ್ಲಿಗೆ ಬೇರೇನೂ ಅರ್ಥವಾಗುವುದಿಲ್ಲ.

ವರ್ಷಕ್ಕೊಮ್ಮೆ ಬೇಕಾಗುವ ಕೆಲಸಗಳೆಲ್ಲ ಬೆರಳ ತುದಿಯಲ್ಲಿ ಹಾಯಾಗಿ ಕೂತಿವೆ. ಗಳಿಗೆಗೊಮ್ಮೆ ಬೇಕಾಗುವ 'ಉಳಿಸು', ಎಂದರೆ ನಿಮ್ಮ ಸೇವ್, ಮಾತ್ರ ಹಾಗಲ್ಲ. ಎಡಗೈ ಹೆಬ್ಬೆರಳನ್ನು ಕೆಳಗೆ ಊರಿ, ಕಿರುಬೆರಳನ್ನು ನಿಮ್ಮ ಕೀಬೋರ್ಡಿನ ಮೇಲಿನ ಸಾಲು ಎಲ್ಲಿತ್ತೋ ಅಲ್ಲಿಯವರೆಗೆ ಚಾಚಬೇಕು. ಆ ಅಂತರ ಮನುಷ್ಯರ ಕೈಗೆ ಹೇಳಿಸಿದ್ದಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ಕಿರುಬೆರಳಿನ ಶಾಸ್ತ್ರವಿದೆ. ಮಗುವಿಗೆ ಐದು ತುಂಬಿದೊಡನೆ ಔಡಲೆಣ್ಣೆ ಹಚ್ಚಿ, ಬೆರಳಿನ ಬುಡ ಸಡಿಲವಾಗುವವರೆಗೆ ದಿನಾ ಎಳೆಯುತ್ತಾರೆ. ಮಣಿಕಟ್ಟು ಹಿಡಿಯುವುದು ತಾಯಿಯ ಪಾಲು. ಅಳು ಹೊರಗೆ ಕೇಳಿಸದಿರಲೆಂದು ಮುತ್ತೈದೆಯರು ಹಾಡು ಹೇಳುತ್ತಾರೆ. ನನಗೂ ಎಳೆದರು. ಆ ಬೆರಳು ಈಗ ಕೊಕ್ಕೆಯಾಗಿದೆ. ರೊಟ್ಟಿ ಬಡಿಯಲು ಬರುವುದಿಲ್ಲ, ಮಗಳ ಜಡೆ ಹೆಣೆಯಲು ಬರುವುದಿಲ್ಲ. ಮಗಳು ನಿಂಬೆಕ್ಕನಿಗೆ ಬರುವ ಸೋಮವಾರ ಶಾಸ್ತ್ರ.

ಈ ಬೆರಳುಗಟ್ಟಿನ ಗೂಢಾರ್ಥದ ಮೇಲೆ ನಮ್ಮ ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ಹೆಬ್ಬೆರಳು ಭೂಮಿಯಂತೆ, ಕಿರುಬೆರಳು ಆಕಾಶವಂತೆ. ನಾನೂ ನಂಬಿದ್ದೆ.

ನಿಮ್ಮ ಕೀಬೋರ್ಡು ನಮ್ಮ ಪುಟಗಾರರ ಸಂಘದ ಗಾಜಿನ ಪೆಟ್ಟಿಗೆಯಲ್ಲಿದೆ. ಕಳೆದ ಆಯುಧಪೂಜೆಗೆ ಅದನ್ನು ಒರೆಸುವ ಪಾಳಿ ನನ್ನದಾಗಿತ್ತು. ಎಡತುದಿಯ ಕಂಟ್ರೋಲ್ ಕೀ ಎಷ್ಟು ಒತ್ತಿದರೂ ಇಳಿಯಲಿಲ್ಲ. ಹೇರ್‌ಪಿನ್ನಿನಿಂದ ಎಬ್ಬಿಸಿ ನೋಡಿದೆ. ಅಡಿಯಲ್ಲಿ ಅಕ್ಷತೆಯ ಒಂದು ಕಾಳು, ಅರಿಶಿನ ಇನ್ನೂ ಪೂರ್ತಿ ಮಾಸಿರಲಿಲ್ಲ. ತೆಗೆದೆ. ಕೀ ಟಕ್ಕೆಂದು ಇಳಿಯಿತು. ಯಾವುದೋ ಪೂಜೆಯಲ್ಲಿ ನೀವು ಭಕ್ತಿಯಿಂದ ಹಾಕಿದ ಅಕ್ಕಿ ಕೀ ಅಡಿ ಸೇರಿಕೊಂಡಿದೆ, ನೀವು ಅದನ್ನು ತೆಗೆಯುವ ಬದಲು ಆ ಕೀಯೇ ಬೇಡವಾಗುವಂತೆ ಶಾರ್ಟ್‌ಕಟ್‌ಗಳನ್ನೆಲ್ಲ ಬದಲಿಸಿ, 'ಉಳಿಸು'ವನ್ನು ಮೇಲಿನ ಸಾಲಿಗೆ ಕಳಿಸಿದ್ದೀರಿ. ಭೂಮಿಯೂ ಇಲ್ಲ, ಆಕಾಶವೂ ಇಲ್ಲ. ನಿಮ್ಮ ಸೋಮಾರಿತನಕ್ಕೆ ನಾವು ಹಾಡು ಕಟ್ಟಿ ಹೇಳುತ್ತಿದ್ದೇವೆ, ಅಜ್ಜಾ.

ಇನ್ನು ಶಾಸ್ತ್ರ ನಿಂತಿತು, ಕಲ್ಲಿಗೆ ಹೊಸ ಬೆರಳುಗಟ್ಟು ಕಲಿಸುತ್ತಾರೆ ಎಂದುಕೊಂಡು ಸಂಘದ ಹಿರಿಯ ಮಹಾರುದ್ರಪ್ಪನವರ ಬಳಿಗೆ ಓಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಕಾಳನ್ನು ಕಣ್ಣಿಗೊತ್ತಿಕೊಂಡು, "ಇಷ್ಟ ವರ್ಷ ಎಲ್ಲಿತ್ತವಾ ಇದು? ಅಜ್ಜಾರ ಕೈಯಾಗಿಂದು ನಮಗ ಸಿಕ್ಕಿತಲ್ಲ, ನಮ್ಮ ಪುಣ್ಯೇ ದೊಡ್ಡದು" ಎಂದರು. ಈಗ ಕಾಳು ಬೆಳ್ಳಿಯ ಭರಣಿಯಲ್ಲಿದೆ. ಈ ಸಲದ ಶಾಸ್ತ್ರ ಅದರ ಮುಂದೆಯೇ ನಡೆಯುತ್ತದೆ. ಕಾಳು ಹುಡುಕಿಕೊಟ್ಟವಳ ಮಗಳೆಂಬ ಮರ್ಯಾದೆಗೆ ಮೊದಲ ಸರದಿ ನಿಂಬೆಕ್ಕನದು.

"ಯವ್ವಾ, ಎಳಿಯಾಗ ಭಾಳ ನೋಯ್ತೈತೇನ?" ಎಂದು ನಿನ್ನೆ ಅವಳು ಕೇಳಿದಳು. ಅವಳನ್ನು ಮಲಗಿಸಿ ನಿಮಗೆ ಬರೆಯಲು ಕೂತೆ.

ಪೂಜೆ ಬೇಡವೆನ್ನುವುದಿಲ್ಲ. ಅಕ್ಷತೆ ಹಾಕಿ, ಕುಂಕುಮವನ್ನೂ ಹಚ್ಚಿ. ಮರುದಿನ ಕೆಲಸಕ್ಕೆ ಕೂರುವ ಮೊದಲು ಕೀಬೋರ್ಡನ್ನು ಬೋರಲು ಹಾಕಿ ಒಮ್ಮೆ ಕೊಡವಿ. ಹೆಚ್ಚು ಬಳಸುವುದನ್ನು ಹತ್ತಿರದ ಕೀಗಳಿಗೆ ಕೊಡಿ. ಅಷ್ಟು ಮಾಡಿದರೆ ಸಾಕು. ಸೋಮವಾರದೊಳಗೆ ನನ್ನ ಕಿರುಬೆರಳು ನೆಟ್ಟಗಾದರೆ ಪತ್ರ ನಿಮಗೆ ಮುಟ್ಟಿತೆಂದು ತಿಳಿಯುತ್ತೇನೆ. ಆಗದಿದ್ದರೆ ನಿಂಬೆಕ್ಕನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಣಿಕಟ್ಟು ಹಿಡಿಯಬೇಕಾದವಳು ನಾನೇ.

ಗಂಗೋತ್ರಿ