ಬಲಬದಿಗೆ ಎರಡು ಬೆರಳು

ಹಂಗಾರಕಟ್ಟೆ
18-11-2011, ಶುಕ್ರವಾರ

ಚಂದನಾಳಿಗೆ,

ಅಜ್ಜ ಮಾಡುವ ಆಶೀರ್ವಾದ. ಮೊಮ್ಮಗಳಿಗೆ ಬರೆಯುವಾಗ ಹಾಗೆ ಬರೆಯಬೇಕು ಎಂದು ಬರೆದಿದ್ದೇನೆ. ಉಳಿದದ್ದನ್ನು ಓದಿದ ಮೇಲೆ ಅದು ಆಶೀರ್ವಾದವೋ ಬೈಗುಳವೋ ನೀನೇ ತೀರ್ಮಾನ ಮಾಡಿಕೋ. ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಅಜ್ಜಿಯ ಮಂಡಿನೋವು ಇದ್ದಲ್ಲೇ ಇದೆ, ಬಾಯಿಯೂ ಇದ್ದಲ್ಲೇ ಇದೆ. ಕೋಟೇಶ್ವರದಲ್ಲಿ ನಿನ್ನ ಚಿಕ್ಕಮ್ಮನ ಮನೆಯವರೆಲ್ಲ ಸೌಖ್ಯವೆಂದು ತಿಳಿಯುತ್ತೇನೆ.

ಕಾಗದ ಹನ್ನೊಂದು ದಿನ ತಡವಾಯಿತು. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ನೀನು ಅಜ್ಜಿಯ ಮೊಬೈಲಿಗೆ ಹದಿನಾಲ್ಕು ಸಲ ಫೋನ್ ಮಾಡಿದ್ದು ಗೊತ್ತು. ಅಜ್ಜಿ ಕೊಡಲು ಬಂದರೂ ನಾನೇ ಬೇಕೆಂದು ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ನಾನು ಬೈಯಲು ಶುರು ಮಾಡಿದರೆ ನೀನು ಅಳುತ್ತೀ, ನೀನು ಅತ್ತರೆ ನಾನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ. ಕಾಗದದಲ್ಲಾದರೆ ಆ ಉಪದ್ರ ಇಲ್ಲ. ನಾಳೆ ಸೀತು ಮೀನಿನ ಬುಟ್ಟಿ ಹೊತ್ತು ಕೋಟೇಶ್ವರಕ್ಕೆ ಬರುತ್ತಾಳೆ, ಅವಳ ಕೈಯಲ್ಲಿ ಕೊಡುತ್ತೇನೆ. ಬಂಗುಡೆ ವಾಸನೆ ಬಂದರೆ ಸಹಿಸಿಕೋ. ಅಕ್ಷರ ದೊಡ್ಡದಾಗಿದ್ದರೆ ಅದು ಸಿಟ್ಟಿಗೆ ದೊಡ್ಡದಾದದ್ದು, ಬೇರೆ ಕಾರಣ ಹುಡುಕಬೇಡ.

ಪ್ರೇಮಾನಂದನ ಹೊಸ ಬೋಟಿಗೆ ಅಡಿಮರ ಇಟ್ಟು ಹನ್ನೊಂದು ದಿನ. ಅಂದಿನಿಂದ ಕೆಲಸ ನಿಂತಿದೆ. ಪದ್ದು ಮತ್ತು ಉಳಿದ ಆಳುಗಳು ಬೆಳಿಗ್ಗೆ ಬಂದು ಉಳಿ ಮಸೆದು, ಬೀಡಿ ಸೇದಿ, ಸಂಜೆ ಹೋಗುತ್ತಾರೆ. ನಾನು ಅಳತೆಗೋಲು ಮುಟ್ಟಿಲ್ಲ. ನನ್ನ ಮಾವ ಸಾಯುವ ಮೊದಲು ಕೈಗೆ ಕೊಟ್ಟ ಕೋಲು ಅದು. ನಲವತ್ತಾರು ವರ್ಷದಲ್ಲಿ ಅಡಿಮರ ಇಟ್ಟ ಮರುದಿನ ಅದು ಗೋಡೆಗೆ ಒರಗಿ ನಿಂತದ್ದು ಇದೇ ಮೊದಲು. ಇನ್ನು ಮೇಲೆ ಅದನ್ನು ಹಿಡಿಯಬೇಕೋ, ಒಲೆಗೆ ಹಾಕಬೇಕೋ ಎಂದು ಕೂತಿದ್ದೇನೆ. ಹೀಗೆ ಕೂರಿಸಿದವಳು ನೀನು.

ಏನಾಯಿತು ಎಂದು ನಿನಗೆ ಅರ್ಧ ಗೊತ್ತು. ದಿವ್ಯಾ ಹೇಳಿರುತ್ತಾಳೆ. ಪ್ರೇಮಾನಂದನ ಮಗಳು, ನಿನ್ನ ಜೊತೆಯಲ್ಲೇ ಕುಂದಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುವವಳು, ಒಳ್ಳೆಯ ಹುಡುಗಿ, ನಾನು ಅವಳನ್ನು ಬೈಯುವುದಿಲ್ಲ. ಉಳಿದರ್ಧ ನಾನು ಹೇಳುತ್ತೇನೆ, ಕೇಳು.

ಮುಹೂರ್ತ ಒಂಬತ್ತು ಗಂಟೆಗೆ. ಮರ ತೊಳೆದು, ಅರಸಿನ ಹಚ್ಚಿ, ಕಾಯಿ ಇಟ್ಟಾಗಿತ್ತು. ದಡದ ಜನ ಎಲ್ಲ ಇದ್ದರು, ಬೋಟು ಕಟ್ಟುವ ಬೇರೆ ಎರಡು ಯಾರ್ಡಿನ ಮೇಸ್ತ್ರಿಗಳೂ ಬಂದಿದ್ದರು. ಆಗ ದಿವ್ಯಾ ಒಂದು ದಪ್ಪ ಪುಸ್ತಕ ತಂದು ಕಾಯಿಯ ಪಕ್ಕ ಇಟ್ಟಳು. ತಂತಿ ಸುತ್ತಿ ಕಟ್ಟಿದ್ದು, ಮೇಲೆ ಪ್ಲಾಸ್ಟಿಕ್ಕು. ರಟ್ಟಿನ ಮೇಲೆ ನನ್ನ ಹೆಸರು. ಏನಿದು ಎಂದು ಕೇಳಿದರೆ, ಚಂದನಾ ಹೊಸದೊಂದು ಯಂತ್ರ ಬರೆದಿದ್ದಾಳೆ, ಕಂಪ್ಯೂಟರಿಗೆ ಬರೆದ ಪ್ರೋಗ್ರಾಮನ್ನು ಅದಕ್ಕೆ ಕೊಟ್ಟರೆ ಅದು ತಾನೇ ಓದಿ, ಯಾವ ಸಾಲು ಯಾಕೆ ಎಂದು ವಿವರಿಸುವ ಪುಸ್ತಕ ಮಾಡಿಕೊಡುತ್ತದೆ, ಎಲ್ಲರೂ ನೋಡಲಿ ಎಂದು ಇಂಟರ್ನೆಟ್ಟಿಗೆ ಹಾಕಿದ್ದಾಳೆ, ಮಾದರಿಗೆ ಎಂದು ನಿಮ್ಮ ಬೋಟಿನ ಅಳತೆಯ ಪ್ರೋಗ್ರಾಮನ್ನೇ ಜೊತೆಗೆ ಇಟ್ಟಿದ್ದಾಳೆ ಎಂದಳು. ಅದನ್ನು ನೋಡಿ ಖುಷಿಯಾಗಿ ಇವಳು ಅಚ್ಚು ಹಾಕಿಸಿ ತಂದಿದ್ದಳು. ಮೇಸ್ತ್ರಿಯ ವಿದ್ಯೆ ಪುಸ್ತಕವಾಯಿತು ಎಂದು ಪ್ರೇಮಾನಂದ ಅದಕ್ಕೂ ಕುಂಕುಮ ಇಟ್ಟ, ಹೂ ಇಟ್ಟ. ಅಡಿಮರಕ್ಕೆ ಎತ್ತಿದ ಆರತಿಯನ್ನೇ ಅದಕ್ಕೂ ಎತ್ತಿದರು. ಪೂಜೆ ಮಾಡಿದ ಪುಸ್ತಕವನ್ನು ಓದದೆ ಮುಚ್ಚಿಡುವ ಕ್ರಮ ನಮ್ಮಲ್ಲಿ ಇಲ್ಲವಲ್ಲ. ನಾಲ್ಕು ಸಾಲು ಓದಿಸುವುದೆಂದು ತೀರ್ಮಾನವಾಯಿತು.

ನಾನು ಎದೆ ಸೆಟೆಸಿ ನಿಂತಿದ್ದೆ. ಅದನ್ನೂ ಬರೆಯುತ್ತೇನೆ, ಮುಚ್ಚುವುದಿಲ್ಲ. ನಾಲ್ಕನೇ ಕ್ಲಾಸು ಬಿಟ್ಟು ಉಳಿ ಹಿಡಿದವನ ಹೆಸರು ರಟ್ಟಿನ ಮೇಲೆ ಇದ್ದರೆ ಯಾರಿಗಾದರೂ ಸೆಟೆಯುತ್ತದೆ.

ದಿವ್ಯಾಳ ದನಿ ಕ್ಲಾಸಿನಲ್ಲಿ ಪಾಠ ಹೇಳುವ ದನಿ, ಬೋಟು ನಿಲ್ಲುವ ಧಕ್ಕೆಯವರೆಗೂ ಕೇಳುತ್ತದೆ. ಅಡಿಮರ ಇಷ್ಟು ಉದ್ದವಿದ್ದರೆ ಅಗಲ ಇಷ್ಟು, ಮೂತಿ ಇಷ್ಟು ಏರಬೇಕು, ಪಕ್ಕೆಮರ ಇಷ್ಟು ಎಂದು ಓದಿದಳು. ಜನ ತಲೆ ಆಡಿಸಿದರು. ಪ್ರತಿ ಲೆಕ್ಕದ ಕೆಳಗೂ ನೀನು ಬರೆದುಕೊಂಡ ಟಿಪ್ಪಣಿ. 'ಮರದ ವಿಷಯ ಪ್ರೇಮಾನಂದರ ಹತ್ತಿರ ಕೇಳಬಾರದು, ಅವರಿಗೆ ಹಲಸಿಗೂ ಹೆಬ್ಬಲಸಿಗೂ ವ್ಯತ್ಯಾಸ ಗೊತ್ತಿಲ್ಲ ಎಂದು ಅಜ್ಜ ಹೇಳಿದ್ದಾರೆ' ಎಂದು ಬಂತು. ಎಲ್ಲರೂ ನಕ್ಕರು. ಪ್ರೇಮಾನಂದನೇ ಎಲ್ಲರಿಗಿಂತ ಜೋರಾಗಿ ನಕ್ಕು, "ಹ್ವಾಯ್ ಮೇಸ್ತ್ರಿ, ಇದನ್ನೂ ಬರ್ಸಿರ್ಯಾ? ಓದ್ ಮಗಾ ಓದ್, ಇನ್ನೆಂತೆಂತ ಇತ್ತ್ ಕಾಂಬ" ಎಂದ.

ಅವಳು ಓದಿದಳು. ಒಂದೇ ಉಸಿರಿಗೆ ಓದಿದಳು, ಏನು ಓದುತ್ತಿದ್ದೇನೆ ಎಂದು ಅವಳಿಗೆ ಹೊಳೆಯುವಾಗ ಮುಗಿದಿತ್ತು.

'ಇಲ್ಲಿ ಬಲಬದಿಗೆ ಎರಡು ಬೆರಳು ಕೂಡಿಸಿದ್ದೇನೆ. ಅಜ್ಜನ ಬಲಗಣ್ಣು ಈಗ ಸರಿ ಕಾಣುವುದಿಲ್ಲ. ಬಲಗಡೆಯ ಅಳತೆಯನ್ನು ಯಾವಾಗಲೂ ಎರಡು ಬೆರಳು ಕಮ್ಮಿ ಹೇಳುತ್ತಾರೆ. ಅವರಿಗೆ ಗೊತ್ತಾಗಬಾರದು.'

ದಿವ್ಯಾ ಪುಸ್ತಕ ಮುಚ್ಚಿದಳು. ಯಾರೋ ಬೇಗ ಕಾಯಿ ಒಡೆದರು. ಪಂಚಕಜ್ಜಾಯ ಹಂಚಿದರು. ನಾನು ನನ್ನ ಪಾಲು ತಿಂದೆ, ಕೈ ತೊಳೆದೆ, ಮನೆಗೆ ಬಂದೆ.

ಸಂಜೆ ನೀನು ಅಜ್ಜಿಗೆ ಫೋನಿನಲ್ಲಿ ಹೇಳಿದ್ದನ್ನು ಅವಳು ಬಂದು ನನಗೆ ಒಪ್ಪಿಸಿದಳು. ಅದು ಆ ಯಂತ್ರದ ಮೊದಲನೆಯ ಅವತಾರವಂತೆ. ಅದಕ್ಕೆ ಸೊನ್ನೆ ಪಾಯಿಂಟ್ ಒಂದು ಎಂದು ನಂಬರಂತೆ. ಒಳಗಿನ ಟಿಪ್ಪಣಿ ಹೊರಗೆ ಬಾರದ ಹಾಗೆ ನೀನು ಗುರುತು ಹಾಕಿದ್ದೆಯಂತೆ, ಆದರೆ ಆ ಗುರುತನ್ನು ನೋಡಿ ಬಿಟ್ಟುಬಿಡುವುದು ಈ ಅವತಾರಕ್ಕೆ ಇನ್ನೂ ಬರುವುದಿಲ್ಲವಂತೆ. ಎಲ್ಲ ಸರಿಯಾದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ, ಅರ್ಧದಲ್ಲೇ ಹಂಚಬೇಕು, ನಾಲ್ಕು ಜನ ಬಳಸಿ ತಪ್ಪು ಹುಡುಕಿ ಹೇಳಬೇಕು, ನಿಮ್ಮ ಕೆಲಸದಲ್ಲಿ ಅದೇ ಕ್ರಮವಂತೆ.

ತಪ್ಪು ಸಿಕ್ಕಿತು ಮಗಾ. ನನ್ನದು.

ಸೊನ್ನೆ ಪಾಯಿಂಟ್ ಒಂದು ಎಂದರೆ ಏನು? ಬರೀ ಅಡಿಮರ ಇಟ್ಟ ಬೋಟು. ಅದರಲ್ಲಿ ಯಾರನ್ನಾದರೂ ಕೂರಿಸಿ ಅಳಿವೆ ದಾಟಿಸಿ ಕಡಲಿಗೆ ಕಳಿಸುತ್ತೇವೆಯೇ? ಹಲಗೆ ಸಂದಿಗೆ ಹತ್ತಿ ತುಂಬಿ, ಎಣ್ಣೆ ಕುಡಿಸಿ, ಒಳಗೆ ನೀರು ಹೊಯ್ದು ಒಂದು ರಾತ್ರಿ ಇಟ್ಟು ಸೋರುತ್ತದೆಯೇ ಎಂದು ನಾವೇ ನೋಡಿ, ಆಮೇಲೆ ಯಜಮಾನನನ್ನು ಕರೆಯುವುದು. ತಪ್ಪಿದ್ದರೆ ನಮ್ಮ ಕಣ್ಣಿಗೆ ಮೊದಲು ಬೀಳಬೇಕು. ಊರಿನವರ ಕಣ್ಣಿಗೆ ಮೊದಲು ಬಿದ್ದರೆ ಅವನು ಮೇಸ್ತ್ರಿಯಲ್ಲ. ಅದ್ಯಾವುದೋ ದೇಶದವನೊಬ್ಬ ನಿನ್ನ ಮಾದರಿ ಓದಿ, ಬೆರಳು ಎಂದರೆ ಎಷ್ಟು ಎಂದು ಕೇಳಿ ಬರೆದಿದ್ದಾನಂತೆ, ನಿನಗೆ ಬಹಳ ಖುಷಿಯಾಯಿತಂತೆ. ಕೈ ಇದೆಯಲ್ಲ ಅವನಿಗೆ? ನೋಡಿಕೊಳ್ಳಲು ಹೇಳು.

ಟಿಪ್ಪಣಿಯ ವಿಷಯ ನನಗೆ ಅರ್ಥವಾಗದ್ದಲ್ಲ. ಎರಡು ವರ್ಷದ ಹಿಂದೆ, ನೀನು ಭಾನುವಾರ ಭಾನುವಾರ ಯಾರ್ಡಿಗೆ ಬಂದು ನನ್ನ ಲೆಕ್ಕವನ್ನು ಕಂಪ್ಯೂಟರಿಗೆ ತುಂಬಿಸುತ್ತಿದ್ದಾಗ ಹೇಳಿದ್ದೆ: "ಅಜ್ಜ, ಈ ಗೆರಿ ಹಾಕಿ ಬರದ್ದನ್ನ ಕಂಪ್ಯೂಟರ್ ಓದುದಿಲ್ಲ, ಅದ್ ಮನ್ಷರಿಗೆ." ನಾನು ತಟ್ಟನೆ ಹಿಡಿದೆ. ನಾವೂ ಹಲಗೆ ಜೋಡಿಸುವ ಮೊದಲು ಒಳಮೈಗೆ ಸೀಮೆಸುಣ್ಣದಲ್ಲಿ ಬರೆಯುತ್ತೇವಲ್ಲ, ಇದು ಸಿದ್ದಾಪುರದ ಮರ, ಇಲ್ಲಿ ಗಂಟು ಇದೆ, ಇದನ್ನು ಕೊಯ್ದವನು ಕತ್ತೆ ಎಂದು. ಮೇಲೆ ಡಾಂಬರು ಬಿದ್ದ ಮೇಲೆ ಬೋಟು ಒಡೆಯುವ ದಿನದವರೆಗೆ ಅದನ್ನು ಯಾರೂ ಓದಬಾರದು. ಓದಿಸಿದವನಿಗೆ ನಮ್ಮಲ್ಲಿ ಮತ್ತೆ ಯಾರ್ಡಿನೊಳಗೆ ಜಾಗವಿಲ್ಲ. ಇಷ್ಟನ್ನೂ ನಿನಗೆ ಅಲ್ಲೇ ಹೇಳಿದ್ದೆ. ನೀನು ನಕ್ಕು ಅದನ್ನೂ ಬರೆದುಕೊಂಡೆ. ಅದೂ ಆ ಪುಸ್ತಕದಲ್ಲಿ ಇದೆಯಂತೆ, ಹದಿನೇಳನೇ ಪುಟ.

ಆಚೆ ವರ್ಷದ ಎರಡು, ಈ ವರ್ಷದ ಒಂದು, ನೀನು ಲೆಕ್ಕ ತುಂಬಿಸಿದ್ದು ಒಟ್ಟು ಮೂರು ಬೋಟಿಗೆ. ಮೂರೂ ಪ್ರೇಮಾನಂದನವೇ. ನಾನು ಅಡಿಮರದ ಮೇಲೆ ನಿಂತು, ಪದ್ದು ಬದಿಯಲ್ಲಿ ಕೋಲು ಹಿಡಿದು, ನಾನು ನೋಡಿ ಬೆರಳಿನ ಲೆಕ್ಕ ಕೂಗುವುದು. ನೀನು ಲ್ಯಾಪ್‌ಟಾಪಿನಲ್ಲಿ ಕುಟ್ಟಿಕೊಂಡು ಚೀಟಿ ಅಚ್ಚು ಹಾಕಿ ಕೊಡುವುದು, ಆಳುಗಳು ಚೀಟಿ ನೋಡಿ ಮರ ಕೊಯ್ಯುವುದು. ನಾನು ಕೂಗಿದ್ದೇ ಚೀಟಿಯಲ್ಲಿದೆ ಎಂದುಕೊಂಡಿದ್ದೆ. ಆಗಸ್ಟಿನಲ್ಲಿ ಮೂರನೆಯದನ್ನು ನೀರಿಗಿಳಿಸಿದಾಗ ಅದು ಒಂದು ಕೂದಲಿನಷ್ಟೂ ವಾಲದೆ ನಿಂತಿತು. ಆಗ ನಾನು ದಡದ ಜನರಿಗೆಲ್ಲ ಕೇಳುವ ಹಾಗೆ ಏನು ಹೇಳಿದೆ ಎಂದು ನೆನಪಿದೆಯೇ? "ಕಾಣಿ, ಕಣ್ಣಂದ್ರೆ ಇದ್. ಯಾವ್ ಮಿಷಿನ್ ಕಾಂತಿತ್ತ್ ಹೀಂಗೆ?" ಎಂದೆ. ನೀನು ನನ್ನ ಪಕ್ಕದಲ್ಲೇ ಇದ್ದೆ. ಚಪ್ಪಾಳೆ ಹೊಡೆದೆ.

ಯಾಕೆ ಹೊಡೆದೆ? ಇದಕ್ಕೆ ಮಾತ್ರ ಉತ್ತರ ಬರೆ. ಸೊನ್ನೆ ಪಾಯಿಂಟ್ ಕತೆ ಬೇಡ.

ಮುಹೂರ್ತದ ಮರುದಿನ ಪ್ರೇಮಾನಂದ ಮನೆಗೆ ಬಂದ. ಬೇರೆ ಮೇಸ್ತ್ರಿ ನೋಡಿಕೋ, ಅಡಿಮರ ನನ್ನ ಕೊಡುಗೆ ಎಂದುಕೋ ಎಂದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು, "ನನ್ ಮೂರ್ ಬೋಟ್ ನೆಟ್ಟಗ್ ಓಡ್ತಿತ್ತ್ ಮೇಸ್ತ್ರಿ. ಯಾರ್ ಕಣ್ಣಂಗ್ ಕಂಡ್ ಕಟ್ಟದ್ದ್ ಅಂದೇಳಿ ಬೋಟಿಗೆಂತ ಗೊತ್ತಿತ್ತಾ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದಕ್ಕೇ ಚಾ ಕುಡಿಸಿ ಕಳಿಸಿದೆ, ಇಲ್ಲವಾದರೆ ಆ ಚಪ್ಪಲಿ ಹೊಳೆಗೆ ಹೋಗುತ್ತಿತ್ತು. ನನಗೆ ಬೈದವರನ್ನು ತಡೆದುಕೊಳ್ಳುತ್ತೇನೆ. ಪಾಪ ಎನ್ನುವವರನ್ನು ತಡೆದುಕೊಳ್ಳಲಾರೆ.

ಅಜ್ಜಿ ನಿನ್ನ ಪಕ್ಷ. "ಹೆಣ್ಣ್ ಎಂತ ತಪ್ಪ್ ಮಾಡಿತ್? ನಿಮ್ ಮರ್ಯಾದಿ ಉಳ್ಸುಕೆ ಮಾಡದ್ದಲ್ದಾ?" ಎಂದು ದಿನಕ್ಕೆ ನಾಲ್ಕು ಸಲ. ಮರ್ಯಾದೆ ಉಳಿಸಲು ನೀನು ಯಾರು? ನಿನಗೆ ನಡೆಯಲು ಕಲಿಸಿದ್ದು ನಾನು, ಅದೇ ಯಾರ್ಡಿನ ಮರದ ಹೊಟ್ಟಿನ ಮೇಲೆ. ಬಿದ್ದಾಗೆಲ್ಲ ಬಿದ್ದೆ ಎಂದೇ ಹೇಳಿದ್ದೇನೆ. ಬಿದ್ದಿಲ್ಲ, ಕೂತದ್ದು ಎಂದು ಒಂದು ದಿನವೂ ಸುಳ್ಳು ಹೇಳಿಲ್ಲ. ಅಜ್ಜ, ನಿಮ್ಮ ಬಲಗಣ್ಣು ಹೋಗಿದೆ, ಎರಡು ಬೆರಳು ತಪ್ಪುತ್ತಿದೆ ಎಂದು ಮುಖಕ್ಕೆ ಹೇಳಿದ್ದರೆ ಏನಾಗುತ್ತಿತ್ತು? ಕೋಲು ಎಸೆಯುತ್ತಿದ್ದೆ. ನಿನ್ನ ಆ ಲ್ಯಾಪ್‌ಟಾಪನ್ನು ಅಳಿವೆಗೆ ಹಾಕುತ್ತೇನೆ ಎನ್ನುತ್ತಿದ್ದೆ. ಎರಡು ದಿನ ಉಣ್ಣುತ್ತಿರಲಿಲ್ಲ. ಮೂರನೇ ದಿನ ನಿನ್ನನ್ನೇ ಕರೆದು, ಎಲ್ಲಿ, ತೋರಿಸು ಎನ್ನುತ್ತಿದ್ದೆ. ಆ ಎರಡು ದಿನಕ್ಕೆ ಹೆದರಿ ನೀನು ಎರಡು ವರ್ಷ ನನ್ನನ್ನು ಬೊಂಬೆ ಮಾಡಿ ನಿಲ್ಲಿಸಿದೆ.

ಇರಲಿ. ಬರೆದೂ ಬರೆದೂ ಕೈ ಸೋತಿತು, ಸಿಟ್ಟು ಸೋಲಲಿಲ್ಲ. ಊಟ ಸಮಯಕ್ಕೆ ಮಾಡು. ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಲ್ಲಬೇಡ. ನಿನ್ನ ಆ ಪುಸ್ತಕದ ಯಂತ್ರ ಸೊನ್ನೆ ದಾಟಿ ಒಂದಾಗಲಿ, ಸೋರದ ಹಾಗೆ ಆಗಲಿ, ಆ ಮೇಲೆ ಯಾವ ದೇಶಕ್ಕೆ ಬೇಕಾದರೂ ಹೋಗಲಿ. ನಿನ್ನ ಕೈಗೆ ಒಳ್ಳೆಯದಾಗಲಿ. ಇದು ಮಾತ್ರ ನಿಜವಾದ ಆಶೀರ್ವಾದ.

ಇಂತಿ,
ನಿನ್ನ ಅಜ್ಜ
ಚಂದ್ರ ಮೇಸ್ತ್ರಿ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಇಷ್ಟು ಬರೆದೂ ಒಂದನ್ನು ಬಿಟ್ಟಿದ್ದೆ, ಅದನ್ನು ಬರೆಯದೆ ನಿದ್ದೆ ಬರುವ ಹಾಗಿಲ್ಲ. ಆ ದಿನ ದಿವ್ಯಾ ಆ ಸಾಲು ಓದಿ ಮುಗಿಸಿದಾಗ ನಾನು ಒಬ್ಬೊಬ್ಬರ ಮುಖ ನೋಡಿದೆ. ಒಬ್ಬನಾದರೂ, ಹೌದಾ ಮೇಸ್ತ್ರಿ, ಎಂದು ಕೇಳುತ್ತಾನೆ ಎಂದು ಕಾದೆ. ಪದ್ದು ನೆಲ ನೋಡಿದ. ಪ್ರೇಮಾನಂದ ಕಾಯಿ ನೋಡಿದ. ಯಾರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ನಾನು ಕೂಗಿದ್ದನ್ನು ಕಿವಿಯಲ್ಲಿ ಕೇಳಿ, ಚೀಟಿಯಲ್ಲಿ ಬೇರೆ ಓದಿ ಕೊಯ್ದವರಲ್ಲವೇ ಅವರು. ಆಗಸ್ಟಿನಲ್ಲಿ ನಾನು ಕಣ್ಣೆಂದರೆ ಇದು ಎಂದಾಗ ಚಪ್ಪಾಳೆ ಹೊಡೆದವಳು ನೀನೊಬ್ಬಳೇ ಅಲ್ಲ. ದಡ ಇಡೀ ಹೊಡೆದಿತ್ತು.

ನಿನ್ನೆ ಆಳುಗಳು ಹೋದ ಮೇಲೆ ಅಡಿಮರದ ಮೇಲೆ ಹತ್ತಿ, ಎರಡೂ ಬದಿಗೆ ಗೂಟ ನೆಟ್ಟು, ಮೊದಲು ಕಣ್ಣಲ್ಲಿ ನೋಡಿದೆ, ಆಮೇಲೆ ದಾರ ಹಿಡಿದು ಬೆರಳು ಮಡಚಿ ಅಳೆದೆ. ನಾಲ್ಕು ಸಲ. ಎಡಬದಿ ಸರಿಯಿದೆ. ಬಲಬದಿಗೆ ಈಗ ಎರಡಲ್ಲ, ಮೂರು. ಭಾನುವಾರ ಬಂದು ತಿದ್ದು. ಆ ಟಿಪ್ಪಣಿಯಲ್ಲಿ 'ಅವರಿಗೆ ಗೊತ್ತಾಗಬಾರದು' ಎಂಬುದನ್ನು ಅಳಿಸಿ, 'ಮೂರು ಎಂದು ಅಜ್ಜನೇ ಅಳೆದು ಹೇಳಿದ್ದಾರೆ' ಎಂದು ಹಾಕು. ಅದಕ್ಕೆ ಮುಚ್ಚಿಡುವ ಗುರುತು ಬೇಡ.