ಬೈರಪ್ಪನವರ ಹೆಸರಿನ ಮುಂದೆ ಸೊನ್ನೆ

ಜಿಗಣಿ
14-6-2006

ಪ್ರೀತಿಯ ಶಾಂತಿ,

ಮಗು, ಮನೆಯವರು ಎಲ್ಲ ಆರಾಮ ತಾನೆ? ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ನಿಮ್ಮಪ್ಪನ ಕೆಲಸ ಹೋಯಿತು. ಇಪ್ಪತ್ತಾರು ವರ್ಷ ನೀರುಗಂಟಿಯಾಗಿ ಊರಿಗೆಲ್ಲ ನೀರು ಬಿಟ್ಟವರಿಗೆ, ಮುಂದಿನ ತಿಂಗಳಿಂದ ಬರಬೇಡಿ ಅಂದಿದ್ದಾರೆ!

ನಾನು ಗುಮಾಸ್ತೆಯಾಗಿ ಕೂರುವ ನಮ್ಮ ನೀರು ಸರಬರಾಜು ಕಚೇರಿ ಯುಗಾದಿಗೆ ಕಂಪನಿಯಾಯಿತು ಎಂದು ಬರೆದಿದ್ದೆನಲ್ಲ. ಅದೇ ಕಟ್ಟಡ, ಅದೇ ಮುರುಕು ಬೆಂಚು, ಬೋರ್ಡು ಮಾತ್ರ ಹೊಸದು. ಎಂಜಿನಿಯರ್ ಮುನೀಂದ್ರ ಸಾರ್ ಈಗ ಮ್ಯಾನೇಜರ್. ಕೊಡ ಹಿಡಿದು ಬೈಯಲು ಬರುವ ಪಿಳ್ಳಮ್ಮನನ್ನೂ ಕಸ್ಟಮರ್ ಮೇಡಂ ಅನ್ನಬೇಕಂತೆ. ಆಗ ನಗು ಬಂದಿತ್ತು.

ಆಮೇಲೆ ಒಬ್ಬೊಬ್ಬರ ಕೆಲಸ ಅಳೆಯುವ ಫಾರಂ ಬಂತು. ಬಗೆಹರಿಸಿದ ದೂರುಗಳು ಎಷ್ಟು, ಅದೇ ಅಳತೆ. ಪಕ್ಕದ ಲೈನಿನ ನೀರುಗಂಟಿ ಲೋಕೇಶನಿಗೆ ನೂರಾ ಹನ್ನೆರಡು. ಅವನು ವಾಲ್ವ್ ತಿರುಗಿಸುವುದನ್ನೇ ಮರೆಯುತ್ತಾನೆ, ಜನ ಬಂದು ಕೂಗಾಡಿದ ಮೇಲೆ ಹೋಗಿ ತಿರುಗಿಸುತ್ತಾನೆ. ಅವನಿಗೆ ಪ್ರಶಂಸಾ ಪತ್ರ ಬೇರೆ! ನಿಮ್ಮಪ್ಪ ಬೈರಪ್ಪನವರ ಹೆಸರಿನ ಮುಂದೆ ಸೊನ್ನೆ. ಯಾವ ಬೀದಿಯಲ್ಲಿ ಮದುವೆ, ಯಾವ ಮನೆಯಲ್ಲಿ ಬಾಣಂತಿ ಎಂದು ವಿಚಾರಿಸಿಕೊಂಡು ನೀರು ಬಿಡುವವರ ಮೇಲೆ ಯಾರು ತಾನೆ ದೂರು ಕೊಡುತ್ತಾರೆ?

ತಡೆಯಲಾರದೆ ಮುನೀಂದ್ರ ಸಾರನ್ನು ಕೇಳಿಯೇಬಿಟ್ಟೆ, ಕಂಪನಿ ಯಾಕಾದೆವು ಸಾರ್ ಎಂದು. ಎಲ್ಲಾ ಇಲಾಖೆನೂ ಆಗ್ಬಿಟ್ವು ಕಣಮ್ಮ, ನಾವೊಬ್ರೇ ಹಳೇ ಥರ ಇದ್ರೆ ಮೇಲಿನವ್ರು ಕೆಲಸಕ್ಕೆ ಬಾರದೋರು ಅಂತಾರೆ, ನೀರು ಬಂತಾ ಅಂತ ಯಾರೂ ಕೇಳಲ್ಲ, ಕಂಪನಿ ಥರ ಕಾಣ್ಬೇಕು ಅಷ್ಟೇ ಅಂದರು. ಏನೋ ದೊಡ್ಡ ಯೋಚನೆ ಇದ್ದೀತು ಅಂದುಕೊಂಡಿದ್ದೆ ಕಣೇ! ಊರವರೆಲ್ಲ ತಲೆ ಬೋಳಿಸಿಕೊಂಡರೆಂದು ನಾವೂ ಬೋಳಿಸಿಕೊಂಡೆವಂತೆ.

ಆದೇಶ ಇಂಗ್ಲಿಷಿನಲ್ಲಿತ್ತು. ನಿಮ್ಮಪ್ಪ ಅದನ್ನು ನನ್ನ ಕೈಗೇ ಕೊಟ್ಟು ಓದವ್ವಾ ಅಂದರು. ಬಗೆಹರಿಸಿದ ದೂರು ಸೊನ್ನೆ, ಅದಕ್ಕೇ ಕೆಲಸದಿಂದ ತೆಗೆದಿದ್ದಾರೆ ಎಂದು ಓದಿ ಹೇಳಿದೆ. ಅದಕ್ಕವರು, ಸೊನ್ನೆ ಅಂದ್ರೆ ಒಳ್ಳೇದೇ ಅಲ್ವೇನವ್ವಾ, ಯಾರ್ಗೂ ತೊಂದ್ರೆ ಆಗಿಲ್ಲ ಅಂತ ತಾನೆ ಅಂದರು. ಅಯ್ಯೋ ಶಾಂತಿ, ನಾನು ಆದೇಶವನ್ನು ಮಡಚಿ ಅವರ ಜೇಬಿಗೆ ಇಟ್ಟೆ. ನಿಮ್ಮಮ್ಮನಿಗೆ ಅವರಿನ್ನೂ ಹೇಳಿಲ್ಲ. ಕಾಗದ ಕಂಡ ಕೂಡಲೇ ಹೊರಟು ಬಾ.

ಇಂತಿ ನಿನ್ನ,
ಲಾವಣ್ಯ

ತಾ.ಕ.: ಇದು ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಫಾರಂ ತುಂಬಿದವಳು ನಾನೇ. ಕೆಳಗೆ ವಿಶೇಷ ವಿವರಕ್ಕೆಂದು ನಾಲ್ಕು ಸಾಲು ಜಾಗವಿತ್ತು. ಸೊನ್ನೆ ಯಾಕೆ ಎಂದು ಅಲ್ಲಿ ಬರೆಯಬಹುದಿತ್ತು. ಐದೂವರೆ ಬಸ್ಸು ತಪ್ಪುತ್ತದೆಂದು ಖಾಲಿ ಬಿಟ್ಟು ಎದ್ದೆ. ನಿಮ್ಮಪ್ಪನಿಗೆ ಇದು ಗೊತ್ತಿಲ್ಲ. ಕೆಲಸ ವಾಪಸ್ ಕೇಳುವ ಅರ್ಜಿ ಬರೆಸಲು ನಾಳೆ ನನ್ನ ಹತ್ತಿರವೇ ಬರುತ್ತಾರೆ.